ಒಳಗೆ ಇದೆಯೆಂದು ಹೇಳಲಾಗಿದೆ

ಆ ಭಾನುವಾರ ಬೆಳಗ್ಗೆ ಆರು ಗಂಟೆ ನಲವತ್ತೆರಡು ನಿಮಿಷಕ್ಕೆ ನಾನು ಗಿರಿಜಮ್ಮನವರಿಗೆ, "ಅಮ್ಮಾ, ಎರಡು ಹೆಜ್ಜೆ ಮುಂದೆ ಬನ್ನಿ, ಮುಖದ ಮೇಲೆ ಬೆಳಕು ಬೀಳ್ತಿಲ್ಲ" ಎಂದೆ. ಗಳಿಗೆಯನ್ನು ಇಷ್ಟು ಖಚಿತವಾಗಿ ಹೇಳಲು ನಾನೇನು ಪಂಚಾಂಗದ ಪಂಡಿತನಲ್ಲ. ಫೋನಿನಲ್ಲಿ ತೆಗೆದ ಚಿತ್ರದ ಜೊತೆಗೆ ವೇಳೆಯೂ ದಾಖಲಾಗಿ ಕುಳಿತಿದೆ. ಕೆಟ್ಟದ್ದು ಶುರುವಾದದ್ದು ಆ ಎರಡು ಹೆಜ್ಜೆಗಳಿಂದ.

ಗಿರಿಜಮ್ಮ ನಮ್ಮ ಯಜಮಾನ ಬಸವರಾಜಣ್ಣನ ತಾಯಿ. ಹೋಟೆಲುಗಳಿಗೆ ಪಿಂಗಾಣಿ ತಟ್ಟೆ, ಬಟ್ಟಲು, ಬಫೆ ಊಟದ ಪಾತ್ರೆಗಳನ್ನು ಹೊರದೇಶದಿಂದ ತರಿಸಿಕೊಡುವುದು ನಮ್ಮ ವ್ಯಾಪಾರ. ಕಾಮಾಕ್ಷಿಪಾಳ್ಯದ ಇಳಿಜಾರು ಬೀದಿಯೊಂದರ ತುದಿಯಲ್ಲಿ ನಮ್ಮ ಗೋದಾಮು. ಕಾಗದಪತ್ರಗಳ ಪಾಲು ನನ್ನದು. ಮೂಡಲಪಾಳ್ಯದ ಮನೆಯಿಂದ ಡಬ್ಬಿ ಹಿಡಿದು ಬಂದು, ಸಮುದ್ರವನ್ನು ಕಣ್ಣಾರೆ ಎರಡೇ ಸಲ ಕಂಡ ನಾನು, ದಿನಕ್ಕೆ ನಾಲ್ಕು ಸಲ ಹಡಗಿನ ಭಾಷೆ ಮಾತಾಡುತ್ತೇನೆ.

ಆ ಭಾಷೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಮಾತೊಂದಿದೆ. ಸರಕು ಹತ್ತಿಸಿಕೊಂಡದ್ದಕ್ಕೆ ಹಡಗಿನವರು ಕೊಡುವ ರಸೀದಿಗೆ ಬಿಲ್ ಆಫ್ ಲೇಡಿಂಗ್ ಎಂದು ಹೆಸರು. ಅದರಲ್ಲಿ ಅವರು 'ಒಳಗೆ ಆರುನೂರ ನಲವತ್ತು ಪೆಟ್ಟಿಗೆಗಳಿವೆ' ಎಂದು ಎಂದೂ ಬರೆಯುವುದಿಲ್ಲ. 'ಸೆಡ್ ಟು ಕಂಟೇನ್', ಅಂದರೆ 'ಇವೆಯೆಂದು ಹೇಳಲಾಗಿದೆ' ಎನ್ನುತ್ತಾರೆ. ತುಂಬಿದವರು ಬೇರೆ, ಬೀಗಮುದ್ರೆ ಹಾಕಿದವರು ಬೇರೆ, ತಾವು ಬರೀ ಹೊತ್ತು ತಂದವರು ಎಂಬ ಎಂಥ ಸುಸಂಸ್ಕೃತ ಜಾರಿಕೆ ನೋಡಿ. ಮದುವೆಯ ಗಂಡಿನ ಗುಣವಿಶೇಷಗಳ ಕೆಳಗೂ, ರಾಜರಾಜೇಶ್ವರಿನಗರದ ಫ್ಲ್ಯಾಟುಗಳ ಜಾಹೀರಾತಿನಲ್ಲಿ ಬರುವ ಕೆರೆಯ ನೋಟದ ಕೆಳಗೂ ಈ ಮಾತನ್ನು ಅಚ್ಚು ಹಾಕಿಸಬೇಕೆಂದು ನಾನು ಊಟದ ಹೊತ್ತಿನಲ್ಲಿ ಎಷ್ಟೋ ಸಲ ಭಾಷಣ ಮಾಡಿದ್ದೇನೆ.

ಅಲ್ಲಿಯವರೆಗೆ ನಮ್ಮ ಸರಕು ಬರುತ್ತಿದ್ದುದು ಶೇರ್ ಆಟೋದ ಪದ್ಧತಿಯಲ್ಲಿ, ಹತ್ತು ಜನರ ಸಾಮಾನಿನ ನಡುವೆ ಮುದುರಿಕೊಂಡು. ಅದನ್ನು ಬಿಚ್ಚಿ ಬೇರೆ ಮಾಡುವ ಕೆಲಸ ಸರಕು ಡಿಪೋದವರದು. ನಮಗೆ ತಲುಪುತ್ತಿದ್ದುದು ಬರೀ ಪೆಟ್ಟಿಗೆಗಳು. ಆ ಭಾನುವಾರ ಬಂದದ್ದು ನಮ್ಮದೇ ಮೊದಲ ಪೂರ್ತಿ ಕಂಟೇನರ್. ಚಿಕ್ಕದೊಂದು ಮನೆಯಷ್ಟು ದೊಡ್ಡ ಆ ನೀಲಿ ಪೆಟ್ಟಿಗೆ ಲಾರಿಯ ಮೇಲೆ ಹಿಮ್ಮುಖವಾಗಿ ಇಳಿಜಾರಿನಲ್ಲಿ ಬಂದು ನಿಂತಾಗ ನಮಗಾದ ಸಂಭ್ರಮದಲ್ಲಿ ಒಂದು ಸಣ್ಣ ವಿಷಯ ಯಾರಿಗೂ ಹೊಳೆಯಲಿಲ್ಲ: ನಮ್ಮಲ್ಲಿ ಒಬ್ಬರೂ ಕಂಟೇನರಿನ ಬಾಗಿಲನ್ನು ತೆರೆದವರಿರಲಿಲ್ಲ.

ಪೂಜೆ ಮಾಡುವುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಸ್ಕೂಟರಾಗಲಿ, ಫ್ರಿಜ್ಜಾಗಲಿ, ಮನೆಗೆ ಬಂದದ್ದಕ್ಕೆ ಮುಂಭಾಗದಲ್ಲಿ ನಿಂತು ಆರತಿ ಎತ್ತುವವರು ನಾವು. ಕಂಟೇನರಿನ ಮುಂಭಾಗ ಯಾವುದು? ಬಾಗಿಲೇ ಎಂದು ತೀರ್ಮಾನ ಕೊಟ್ಟವನು ನಾನೇ. ಎರಡೂ ಬಾಗಿಲಿಗೆ ವಿಭೂತಿಯ ಪಟ್ಟೆ ಬಿತ್ತು, ಕಂಬಿಗಳಿಗೆ ಸೇವಂತಿಗೆ ಹಾರ ಬಿತ್ತು. ಗಿರಿಜಮ್ಮ ಆರತಿ ತಟ್ಟೆ ಹಿಡಿದು, ನಾನು ಕರೆದ ಜಾಗಕ್ಕೆ ಬಂದು, ಕಣ್ಣು ಮುಚ್ಚಿದರು. ನಾನು ಬದಿಯಿಂದ ಚಿತ್ರ ತೆಗೆದೆ. ಬಸವರಾಜಣ್ಣ ಬೀಗಮುದ್ರೆ ಕತ್ತರಿಸಿ ಬಾಗಿಲ ಹಿಡಿ ತಿರುಗಿಸಿದ.

"ಏನೋ ಇದು, ಇಷ್ಟು ಬಿಗಿ" ಎಂದ.

"ಉಪ್ಪುಗಾಳಿಗೆ ತುಕ್ಕು ಹಿಡಿದಿರುತ್ತೆ ಅಣ್ಣ, ಜೋರಾಗಿ ಎಳೀರಿ" ಎಂದೆ ಸಮುದ್ರತಜ್ಞನಾದ ನಾನು.

ಆ ಲಾರಿಯನ್ನು ತಂದಿದ್ದ, ಮೂಲೆಯಂಗಡಿಯಲ್ಲಿ ಟೀ ಕುಡಿಯುತ್ತಿದ್ದ ಹೊಸೂರು ಕಡೆಯ ಚಾಲಕ ಮುರುಗೇಶಣ್ಣ ಇದನ್ನು ಕಂಡು ಲೋಟ ಬಿಸಾಡಿ ಓಡಿ ಬಂದ. "ತೆಗೀಬೇಡಿ ಸಾರ್, ಲೋಡು ಬಾಗ್ಲು ಮೇಲೆ ಕೂತಿದೆ. ಅಮ್ಮಾ, ಸೈಡಿಗೆ ಬನ್ನಿ" ಎನ್ನುತ್ತಲೇ ಅವರ ರಟ್ಟೆ ಹಿಡಿದು ಎಳೆದ. ಅದೇ ಕ್ಷಣಕ್ಕೆ ಹಿಡಿ ಬಿಟ್ಟುಕೊಂಡಿತು. ಬಾಗಿಲು ಬಸವರಾಜಣ್ಣನನ್ನು ಗೋಡೆಗೆ ತಳ್ಳಿತು. ಆಳೆತ್ತರಕ್ಕಿಂತ ಮೇಲಿನಿಂದ ಪಿಂಗಾಣಿಯ ಪೆಟ್ಟಿಗೆಗಳು, ಒಬ್ಬರಿಗೆ ಎತ್ತಲು ಭಾರವಾಗುವಂಥವು, ಒಂದರ ಹಿಂದೊಂದು ಉರುಳಿ ನಾನು ಗಿರಿಜಮ್ಮನವರನ್ನು ನಿಲ್ಲಿಸಿದ್ದ ಜಾಗದ ಮೇಲೆಯೇ ಬಿದ್ದವು. ಆರತಿ ತಟ್ಟೆ ಅಡಿಯಲ್ಲಿ ಅಪ್ಪಚ್ಚಿಯಾಯಿತು. ಅವರು ಎರಡು ಮಾರು ದೂರದಲ್ಲಿ, ಮುರುಗೇಶಣ್ಣನ ತೋಳು ಹಿಡಿದು, ಕಣ್ಣು ಬಿಟ್ಟು ನಿಂತಿದ್ದರು.

ಬಸವರಾಜಣ್ಣನ ಭುಜ ಬಾತುಕೊಂಡದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಮುರುಗೇಶಣ್ಣ ನನ್ನ ಕಡೆ ತಿರುಗಿ, "ಹಿಡಿ ಬಿಗಿ ಇದ್ರೆ ಒಳಗಡೆ ಏನೋ ಒರಗಿದೆ ಅಂತ ಸಾರ್. ರಶ್ ಬಸ್ಸಲ್ಲಿ ಬಾಗ್ಲಿಗೆ ಒರಗಿ ನಿಂತಿರ್ತಾರಲ್ಲ, ಹಂಗೆ. ಗಾಡಿ ಬೇರೆ ಇಳಿಜಾರಲ್ಲಿದೆ" ಎಂದ. ದಾರಿಯಲ್ಲಿ ಸರಕು ಜರುಗುವುದಕ್ಕೆ ನಮ್ಮ ವೃತ್ತಿಯಲ್ಲಿ ಲೋಡ್ ಶಿಫ್ಟ್ ಎನ್ನುತ್ತಾರೆ. ವಿಮೆಯ ಅರ್ಜಿಗಳಲ್ಲಿ ಅದನ್ನು ಅದೆಷ್ಟು ಸಲ ಟೈಪು ಮಾಡಿದ್ದೆನೋ. ಪದ ನನ್ನ ಬೆರಳತುದಿಯಲ್ಲಿತ್ತು, ಅದರ ಭಾರ ಮಾತ್ರ ಅವನೊಬ್ಬನಿಗೇ ಗೊತ್ತಿತ್ತು.

ಅಂದಿನಿಂದ ನನ್ನ ನಿದ್ದೆ ಕೆಟ್ಟಿತು. ಕಣ್ಣು ಮುಚ್ಚಿದರೆ ಆ ಎರಡು ಹೆಜ್ಜೆಗಳು. ಹಗಲಲ್ಲಿ ಬಸವರಾಜಣ್ಣ ಬಂದವರಿಗೆಲ್ಲ ಉತ್ಸಾಹದಿಂದ ಕತೆ ಹೇಳುತ್ತಿದ್ದ. ಮುರುಗೇಶಣ್ಣ ಅದರಲ್ಲಿ ದಿನದಿನಕ್ಕೂ ಎತ್ತರವಾಗುತ್ತಿದ್ದ, ಪೆಟ್ಟಿಗೆಗಳೂ ಹೆಚ್ಚುತ್ತಿದ್ದವು. "ಅಮ್ಮ ಅಲ್ಲೇ ನಿಂತಿದ್ರು" ಎನ್ನುತ್ತಿದ್ದನೇ ಹೊರತು, ಯಾರು ನಿಲ್ಲಿಸಿದರು ಎಂಬುದು ಆ ಕತೆಯಲ್ಲಿರಲಿಲ್ಲ. ನಾನೂ ಸೇರಿಸಲಿಲ್ಲ. ಕೇಳಿದವರಿಗೆ ನಾನೂ ಅದನ್ನೇ ಮುದ್ರೆಯೊತ್ತಿ ಕೊಡುತ್ತಿದ್ದೆ. ಹಡಗಿನವರಿಗಾದರೂ ಒಳಗೇನಿದೆ ಎಂಬುದು ನಿಜವಾಗಿ ಗೊತ್ತಿರುವುದಿಲ್ಲ, ನನಗೆ ಗೊತ್ತಿತ್ತು.

ಹನ್ನೊಂದು ದಿನ ಕಳೆದ ಮೇಲೆ, ಗುರುವಾರ, ಗೋವಿಂದರಾಜನಗರದ ಅವರ ಮನೆಗೆ ಹೋದೆ. ಗಿರಿಜಮ್ಮ ಪೇಪರು ಹಾಸಿಕೊಂಡು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ನಿಂತಲ್ಲಿಯೇ ಹೇಳಿಬಿಟ್ಟೆ: ಮುಂದೆ ಕರೆದವನು ನಾನು, ಜೋರಾಗಿ ಎಳೆಯಿರಿ ಎಂದವನೂ ನಾನು.

ಅವರು ಸೊಪ್ಪಿನಿಂದ ತಲೆಯೆತ್ತಲಿಲ್ಲ. "ನೀ ಕರೆದೆ ಅಂತ ಬಂದೆ ಅಂದ್ಕಂಡೀಯೇನು? ನನ್ ಮಗನ ಸಾಮಾನು ಎಲ್ರಿಗಿಂತ ಮೊದ್ಲು ನಾನೇ ನೋಡ್ಬೇಕು ಅಂತಿತ್ತಪ್ಪ ನಂಗೆ. ಬ್ಯಾಡ ಅಂದಿದ್ರೂ ಬರ್ತಿದ್ದೆ."

ಇನ್ನೊಂದು ದಂಟಿನ ಎಲೆ ಕಿತ್ತು ಪೇಪರಿನ ಮೇಲೆ ಹಾಕಿದರು.

"ಆದ್ರೆ ಇದನ್ನ ಹೇಳಾಕೆ ಹನ್ನೊಂದು ದಿನ ತಗಂಡ್ಯಲ್ಲ, ಅದಕ್ಕೆ ಬೈಬೇಕು ನಿನ್ನ. ಕೂತ್ಕ. ಆ ಕಟ್ಟು ಬಿಚ್ಚು."

ಎರಡು ಕಟ್ಟು ಬಿಡಿಸಿದೆ. ಕಡ್ಡಿ ಬಿಟ್ಟೆನೆಂದು ಮೂರು ಸಲ ಬೈಸಿಕೊಂಡೆ. ಅಂದು ರಾತ್ರಿ ಹತ್ತಕ್ಕೆ ಮಲಗಿದವನು ಎದ್ದದ್ದು ಶುಕ್ರವಾರ ಬೆಳಗ್ಗೆ ಏಳಕ್ಕೆ. ಬೆರಳುಗಳಲ್ಲಿ ಮೆಂತ್ಯದ ವಾಸನೆ ಇನ್ನೂ ಇತ್ತು.