ಮಾಲೆ ತಂದ ಗೆಳೆಯ

ಕಲ್ಲೋಳಿಯಲ್ಲಿ ನನ್ನಂಥ ಕಿಡಿಗೇಡಿ ಇನ್ನೊಬ್ಬನಿಲ್ಲ. ನನ್ನನ್ನೇ ಬೇಸ್ತು ಬೀಳಿಸಿದವನು ಒಬ್ಬನೇ, ಮಿಲಿಟರಿಯಿಂದ ನಿವೃತ್ತನಾಗಿ ಮೂಡಲಗಿಗೆ ಬಂದ ನನ್ನ ಗೆಳೆಯ. ಒಮ್ಮೆ, "ನಾ ಉಳಿಯೂದಿಲ್ಲ, ಲಗೂ ಬಾ" ಎಂದು ಫೋನ್ ಮಾಡಿದ್ದ. ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಹುಕ್ಕೇರಿ, ಗೋಕಾಕದಿಂದ ಅವನ ಹೆಣ್ಣುಮಕ್ಕಳೂ ಅಳುತ್ತ ಬಂದರು. ಅವನು ಮೊಮ್ಮಕ್ಕಳ ನಡುವೆ ಕೂತು ಕರದಂಟು ತಿನ್ನುತ್ತಿದ್ದ.

"ಸುಮ್ನ ಕರದಿದ್ರ ಎಲ್ಲಾರೂ ಒಮ್ಮೆಲೆ ಬರ್ತಿದ್ರೇನಲೇ?" ಎಂದು ನಕ್ಕ.

ಮೊನ್ನೆ ಅವನ ಹೆಂಡತಿಯ ಫೋನ್ ಬಂತು. "ಅಣ್ಣಾರ, ಲಗೂ ಬರ್ರಿ. ಇವರು ನಿಮ್ಮನ್ನ ಕೇಳಾಕತ್ತಾರ..."

"ಈ ಸಲ ಮಾಲಿ ತಗೊಂಡ ಬರ್ತೇನಿ ಅಂತ ಹೇಳವಾ!" ಎಂದು ನಕ್ಕು ಫೋನ್ ಇಟ್ಟೆ. ನಿಧಾನವಾಗಿ ಉಂಡು, ದೊಡ್ಡದೊಂದು ಮಾಲೆ ಕೊಂಡು ಹೊರಟೆ.

ಅಂಗಳದ ತುಂಬ ಜನ ಅಳುತ್ತಿದ್ದರು. ಹೋದ ಸಲವೂ ಅತ್ತಿದ್ದರು. ವಿಭೂತಿ ಹಚ್ಚಿ ಅವನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ನಮ್ಮಲ್ಲಿ ಸತ್ತವರನ್ನು ಕೂರಿಸುವುದೇ ಪದ್ಧತಿ. ಆದರೆ ಮಿಲಿಟರಿ ಟೋಪಿಯಲ್ಲಿ ನೆಟ್ಟಗೆ ಕೂತವನು ನಗು ತಡೆದುಕೊಂಡವನಂತೆಯೇ ಇದ್ದ. ಮಾಲೆ ಹಾಕಿ, ಅಂಗಾಲಿಗೆ ಕಚಗುಳಿ ಇಟ್ಟೆ. ಅದನ್ನು ಅವನು ಎಂದೂ ತಾಳಿದವನಲ್ಲ.

"ಸಾಕು, ಏಳಲೇ. ನಾನ ಸೋತೇನಿ." ಆ ಮಾತನ್ನು ಅವನೆದುರು ನಾನು ಹಿಂದೆಂದೂ ಆಡಿರಲಿಲ್ಲ.

ಅವನ ಹೆಂಡತಿ ಹತ್ತಿರ ಬಂದಳು. "ಪೂರಾ ಕೇಳದ ಫೋನ್ ಇಟ್ಟಬಿಟ್ರಿ ಅಣ್ಣಾರ. 'ಈ ಸಲ ಖರೆ ಅಂತ ಹೇಳು' ಅಂದಿದ್ರು. ಬಾಗಲಾ ನೋಡಕೋತನ ಹೋದ್ರು."

ಅಂಗಾಲು ತಣ್ಣಗಿತ್ತು. ನಾನು ಕೈ ತೆಗೆಯಲಿಲ್ಲ.

"ಏಳಲೇ," ಎಂದೆ.