ಅಕ್ಕನ ಜಾಕ್ ಮತ್ತು ನನ್ನ ಎರಡು ಇಟ್ಟಿಗೆ

ಕಾರಿನ ಕೆಳಗೆ ನೋಡಬೇಕಾದರೆ ಅಕ್ಕ ಸೆರಗನ್ನು ಸೊಂಟಕ್ಕೆ ಸಿಗಿಸಿ, ಎಡಗೆನ್ನೆಯನ್ನು ಅಂಗಳದ ಫರಸಿಗೆ ಒತ್ತಿ ಮಲಗಿಬಿಡುತ್ತಿದ್ದಳು. ಎದ್ದಾಗ ಕೆನ್ನೆಯ ಮೇಲೆ ಹರಳುಗಳ ಗುರುತು, ಹಣೆಯ ಕುಂಕುಮಕ್ಕೆ ಗ್ರೀಸು. ಓಣಿಯವರು ನಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಒಂದು ಟೈರು ಬದಲಿಸಲು ಇಷ್ಟು ರಗಳೆ ಯಾಕೆ?

ಉಗರಗೋಳದಿಂದ ದೇವಿಯ ಗುಡ್ಡಕ್ಕೆ ಹೋಗುವ ದಾರಿಯಲ್ಲಿ ಅವಳ ಬಳೆ ಅಂಗಡಿ. ಮುನವಳ್ಳಿಯ ನಮ್ಮ ಮನೆಯಿಂದ ಹಳೆಯ ಕಾರಿನಲ್ಲಿ ಬಳೆ ಪೆಟ್ಟಿಗೆ ಹೇರಿಕೊಂಡು, ತಾನೇ ನಡೆಸಿಕೊಂಡು ಹೋಗುತ್ತಿದ್ದಳು. ಎಂಥ ಬಿರುಸು ಕೈಗೂ ಒಂದು ಬಳೆ ಒಡೆಯದಂತೆ ತೊಡಿಸುತ್ತಾಳೆಂದು ಹೆಸರಾದವಳು. ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟು ಅವಳ ಬೆನ್ನಿಗೆ ಬಿದ್ದವನು.

ಕಾರಿನ ಜೊತೆ ಬಂದಿದ್ದ ಸಣ್ಣ ಜಾಕ್ ಒಮ್ಮೆ ವಾಲಿತು. ಅಂದಿನಿಂದ ಅವಳಿಗೆ ಗಾಲಿಗಳ ಮೇಲೆ ಉರುಳುವ ದೊಡ್ಡ ಜಾಕಿನ ಹುಚ್ಚು ಹಿಡಿಯಿತು. ಬೈಲಹೊಂಗಲಕ್ಕೆ ಮೂರು ಸಲ ಓಡಾಡಿದೆವು. ಕಾರಿನ ಹೊಟ್ಟೆ ನೆಲದಿಂದ ಎಷ್ಟು ಎತ್ತರವೆಂದು ದಾರ ಹಿಡಿದು ಅಳೆದು, ಅದನ್ನು ಕುಪ್ಪಸದಲ್ಲಿಟ್ಟುಕೊಂಡು ಬಂದಿದ್ದಳು. ಅಂಗಡಿಯವನು ನನಗೇ ತೋರಿಸುತ್ತಿದ್ದ.

"ಅಣ್ಣಾರ, ಇದು ಎರಡು ಟನ್ ಎತ್ತತೈತಿ ನೋಡ್ರಿ."

"ಎತ್ತೂದು ಇರಲ್ರಿ," ಅಂದಳು ಅಕ್ಕ. "ಇಳಿಸಿದಾಗ ನಮ್ಮ ಗಾಡಿ ಬುಡಕ ಹೋಗತೈತೋ ಇಲ್ಲೋ?" ದಾರ ಹಿಡಿದು ನೋಡಿದಳು.

"ಅಕ್ಕಾರ, ಹೆಣ್ಮಕ್ಕಳಿಗೆ ಇದೆಲ್ಲಾ ಯಾಕ್ರಿ?"

"ಯಾಕಂದ್ರ? ಹೆಣ್ಮಗಳು ಅಂತ ಗಾಡಿ ಮೈಮ್ಯಾಲೆ ಹಗರಾಗಿ ಬೀಳತೈತೇನ್ರಿ?"

ಕಡೆಗೆ ಆ ಜಾಕಿನಿಂದ ಅಂಗಡಿಯವನ ಕಾರನ್ನೇ ಎತ್ತಿಸಿದಳು. ಚಹಾ ತರಿಸಿ, ಕಪ್ಪು ಖಾಲಿಯಾಗುವವರೆಗೂ ಎತ್ತಿದ ಕಾರು ಇಳಿಯುವುದೇನೋ ಎಂದು ನೋಡುತ್ತ ಕೂತಳು. ಇಳಿಯಲಿಲ್ಲ. ಆಮೇಲೆ ಎರಡು ಕಬ್ಬಿಣದ ಸ್ಟ್ಯಾಂಡ್ ಬೇರೆ ಬೇಕೆಂದಳು. ನಾನು ನಾಚಿಕೆಯಿಂದ ರಸ್ತೆ ನೋಡುತ್ತಿದ್ದೆ.

"ಜಾಕ್ ಇರೂದು ಎತ್ತಾಕ, ಹಿಡಿಯಾಕಲ್ಲ ತಮ್ಮಾ. ಸ್ಟ್ಯಾಂಡ್ ಮ್ಯಾಲೆ ಭಾರ ಇಳಿಸಿದ ಮ್ಯಾಲೆ ಗಾಲಿಗೆ ಕೈ ಹಚ್ಚಬೇಕು," ಅಂತ ಮನೆಗೆ ಬರುವವರೆಗೂ ತಲೆ ತಿಂದಳು. ಮುಂದೆ ಪ್ರತಿ ಸಲವೂ ಅದೇ ಪಾಠ. ಗಾಲಿಗಳಿಗೆ ಕಲ್ಲು ಕೊಡು, ಹ್ಯಾಂಡ್‌ಬ್ರೇಕ್ ಎಳಿ, ಸ್ಟ್ಯಾಂಡ್ ಇಡು. ಕೇಳಿ ಕೇಳಿ ಕಿವಿ ಜೋಮು ಹಿಡಿದಿದ್ದವು.

ಆ ವರ್ಷ ದಸರೆಯ ಖಂಡೆ ಪೂಜೆಯ ದಿನ ಕಾರಿಗೆ, ಜಾಕಿಗೆ, ಸ್ಪ್ಯಾನರಿಗೆ ಅಂಗಳದಲ್ಲೇ ವಿಭೂತಿ ಹಚ್ಚಿದ್ದೆವು. ಉಳಿದ ಹತಾರಗಳೆಲ್ಲ ಒಳಗೆ ದೇವರ ಮುಂದೆ ಇದ್ದವು, ಸ್ಟ್ಯಾಂಡುಗಳೂ ಅಲ್ಲೇ. ದೇವರ ಮುಂದೆ ಇಟ್ಟದ್ದನ್ನು ಮರುದಿನ ಬನ್ನಿ ಮುಡಿಯುವವರೆಗೆ ನಮ್ಮಲ್ಲಿ ಮುಟ್ಟುವುದಿಲ್ಲ. ಅಷ್ಟರಲ್ಲಿ ಬಳೆ ಅಂಗಡಿಯಲ್ಲಿ ಕೂತಿದ್ದ ಕೆಲಸದ ಹುಡುಗಿಯ ಫೋನು ಬಂತು, ಬಳೆ ಮುಗಿದಿವೆ, ಹೆಂಗಸರು ಕಾದಿದ್ದಾರೆ. ನೋಡಿದರೆ ಕಾರಿನ ಮುಂದಿನ ಟೈರು ಗಾಳಿ ಇಳಿದು ಕೂತಿತ್ತು.

"ಸ್ಟ್ಯಾಂಡ್ ತಗೊಂಡ ಬಾ. ಅವ್ವಗ ನಾ ಹೇಳತೇನಿ," ಅಂದಳು ಅಕ್ಕ.

ಒಳಗೆ ಹೋದೆ. ಅವ್ವ ದೇವರ ಮುಂದೆಯೇ ಕೂತಿದ್ದಳು. ಅವಳ ಕೂಡ ಜಗಳ, ಹೊರಗೆ ಅಕ್ಕನ ಪಾಠ, ಎರಡೂ ನನಗೆ ಬೇಡಾದವು. ಹಿತ್ತಲಿನಿಂದ ಎರಡು ಇಟ್ಟಿಗೆ ತಂದು, ಅಕ್ಕ ಆಗಲೇ ಜಾಕಿನಿಂದ ಎತ್ತಿದ್ದ ಕಾರಿನ ಕೆಳಗೆ ಒಂದರ ಮೇಲೊಂದು ಸರಿಸಿದೆ.

"ಸ್ಟ್ಯಾಂಡ್ ಹಾಕಿದೇನು?" ಜಾಕಿನ ಕಡೆಯಿಂದ ಅಕ್ಕ ಕೇಳಿದಳು.

"ಹಾಕೇನಿ ಮಾರಾಯ್ತಿ, ಹಾಕೇನಿ!"

ಅವಳ ಮೈಮೇಲೆ ಹೊಸ ಇಳಕಲ್ ಸೀರೆ. "ಇವತ್ತೊಂದಿನ ನಿನ್ನ ನಂಬತೇನಿ, ಹುಚ್ಚಪ್ಯಾಲಿ," ಅಂತ ನಕ್ಕು, ನೆಲಕ್ಕೆ ಬಗ್ಗದೆ ಜಾಕ್ ಸಡಿಲಿಸಿದಳು. ಹಳೆಯ ಟೈರು ಬಿಚ್ಚಿ, ಬೇರೆಯದನ್ನು ಎತ್ತಿ ಕೂಡಿಸುವಾಗ ಇಟ್ಟಿಗೆ ಒಡೆಯಿತು. ಕಾರು ಕುಸಿದು, ಅವಳ ಬಲಗೈ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಸಿಕ್ಕಿತು.

ಎರಡು ಬೆರಳು ಮತ್ತೆ ಮಡಚಲಿಲ್ಲ. ಅವಳು ಬಳೆ ತೊಡಿಸುವುದು ಅಲ್ಲಿಗೇ ನಿಂತಿತು.

ಆಸ್ಪತ್ರೆಯಲ್ಲಿ ನನ್ನೊಬ್ಬನನ್ನೇ ಕರೆದು ಕೇಳಿದಳು. "ಇಟ್ಟಂಗಿ ಇಟ್ಟಿದ್ದಿ ಅಲ್ಲೋ?" ನಾನು ಹೌದೆಂದು ತಲೆಯಾಡಿಸಿದೆ. "ಅವ್ವಗ ಹೇಳಬ್ಯಾಡ. ಸ್ಟ್ಯಾಂಡಿಗೆ ಅಡ್ಡ ತಾ ಕುಂತಿದ್ದಕ್ಕನ ಹಿಂಗಾತು ಅಂತ ಕೊರಗತಾಳ."

ಊರು ತನಗೆ ತಿಳಿದಂತೆ ಮಾತಾಡಿತು. ಪೂಜೆಯ ದಿನ ಗಾಡಿಗೆ ಕೈ ಹಚ್ಚಿದಳು, ದೇವಿ ಕೈಯನ್ನೇ ತಗೊಂಡಳು. ಗುಡ್ಡಕ್ಕೆ ಬರುವ ಹೆಂಗಸರಲ್ಲಿ ಕೆಲವರು ಅವಳ ಅಂಗಡಿ ದಾಟಿ ಮುಂದೆ ಹೋಗತೊಡಗಿದರು. ಅಕ್ಕ ಯಾರಿಗೂ ಉತ್ತರ ಕೊಡಲಿಲ್ಲ. ಅವ್ವ ಇರುವವರೆಗೆ ಅಕ್ಕನ ಮಾತು ನನಗೆ ನೆಪವಾಯಿತು. ಅವ್ವ ಹೋದಮೇಲೆ ನೆಪವೂ ಇರಲಿಲ್ಲ. ಆದರೂ ನಾನು ಬಾಯಿ ಬಿಡಲಿಲ್ಲ.

ಹೋದ ವರ್ಷ ಕಾಮಾಲೆಯಾಗಿ ಅಕ್ಕ ತೀರಿಕೊಂಡಳು. ಮಣ್ಣಿಗೆ ಬಂದವರಲ್ಲಿ ಒಬ್ಬ ಮುದುಕಿ ನನ್ನ ಬೆನ್ನು ಸವರಿ, "ಏನ್ ಮಾಡೂದಪಾ, ದೇವಿ ಮುನಿಸು ಆಕಿನ್ನ ಬಿಡಲಿಲ್ಲ," ಅಂದಳು. ನಾನು ಹೂಂ ಅಂದೆ.

ದೇವಿ ಮುನಿದಿರಲಿಲ್ಲ. ಅಕ್ಕ ಕೇಳಿದಳು, ನಾನು ಹಾಕೇನಿ ಅಂದೆ. ಹಾಕಿರಲಿಲ್ಲ.