ದಾರಿ ತಪ್ಪಲು ಬಿಟ್ಟ ಅಕ್ಕ

ಅಕ್ಕನ ಅಂಗೈ ಯಾವಾಗಲೂ ಕಪ್ಪಗಿರುತ್ತಿತ್ತು. ಅವರದು ಗಂಡಸರ ದೊಡ್ಡ ಸೈಕಲ್ಲು. ಅದರ ಚೈನು ದಿನಾ ಕಳಚಿಕೊಳ್ಳುತ್ತಿತ್ತು. ನೆರಿಗೆ ಎತ್ತಿ ಸಿಕ್ಕಿಸಿಕೊಂಡು ರಸ್ತೆ ಬದಿಯಲ್ಲೇ ಕೂತು ಚೈನು ಹಾಕಿ, ಅದೇ ಕೈಯಲ್ಲಿ ನಮ್ಮ ಕೆನ್ನೆ ಹಿಂಡುತ್ತಿದ್ದರು. ಸಂಜೆ ಮನೆಗೆ ಹೊರಟಾಗ ನಮ್ಮೆಲ್ಲರ ಮುಖದಲ್ಲೂ ಗ್ರೀಸು.

ತೊಂಬತ್ತರ ದಶಕದಲ್ಲಿ ಚಿಕ್ಕಲಸಂದ್ರದ ತಮ್ಮ ಮನೆಯ ಹಿಂದೆ, ಶೀಟು ಹೊದಿಸಿದ ಶೆಡ್ಡಿನಲ್ಲಿ, ಅಕ್ಕ ಶಾಲೆ ಬಿಟ್ಟ ಮಕ್ಕಳಿಗೆ ಕಲಿಸುತ್ತಿದ್ದರು. ಟೀಚರ್ ಅನ್ನದೆ ನಾವೆಲ್ಲ ಅಕ್ಕ ಅಂತಲೇ ಕರೆಯುತ್ತಿದ್ದೆವು. ಬೆಲ್ಲಿಲ್ಲ, ಯೂನಿಫಾರ್ಮಿಲ್ಲ, ಇಂಥ ಕ್ಲಾಸು ಅಂತಲೂ ಇಲ್ಲ. ಒಬ್ಬ ರೇಡಿಯೋ ಬಿಚ್ಚಿಕೊಂಡು ಕೂತಿದ್ದರೆ ಇನ್ನೊಬ್ಬಳು ಕೋಳಿ ಸಾಕುತ್ತಿದ್ದಳು. ಲೆಕ್ಕ, ಕನ್ನಡ, ಇಂಗ್ಲಿಷು ಎಲ್ಲವನ್ನೂ ಅಕ್ಕ ಅದರೊಳಗಿಂದಲೇ ತೆಗೆಯುತ್ತಿದ್ದರು.

ಒಂಬತ್ತನೇ ಕ್ಲಾಸಿನಲ್ಲಿ ಫೇಲಾದ ಮೇಲೆ ನಾನು ಮನೆಯವರನ್ನು ಬಿಟ್ಟು ಬೇರೆ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಶಾಲೆಯ ದಾರಿಗೇ ಹೋಗುತ್ತಿರಲಿಲ್ಲ. ನಮ್ಮಪ್ಪ ಬಸ್ ಕಂಡಕ್ಟರ್. "ಗಾರ್ಮೆಂಟ್ಸಿಗೆ ಸೇರಿಸಿಬಿಡೋಣ" ಅಂದರು. ಅಮ್ಮ ಇದೊಂದು ನೋಡೇಬಿಡೋಣ ಅಂತ ಯಡಿಯೂರಿನ ನಮ್ಮ ಮನೆಯಿಂದ ನನ್ನನ್ನು ಅಕ್ಕನ ಹತ್ತಿರ ಕರೆದುಕೊಂಡು ಹೋದರು.

"ನಿಂಗೇನಮ್ಮಾ ಇಷ್ಟ?" ಅಕ್ಕ ಕೇಳಿದರು.

ನಾನು ಏನೂ ಇಲ್ಲ ಅಂತ ತಲೆ ಅಲ್ಲಾಡಿಸಿದೆ.

"ಸರಿ, ಸುಮ್ನೆ ಕೂತ್ಕೋ. ಬೇಜಾರಾದ್ರೆ ಹೇಳು."

ಎಷ್ಟೋ ವಾರ ಸುಮ್ಮನೆ ಕೂತೆ. ಯಾರೂ ಏನೂ ಕೇಳಲಿಲ್ಲ. ಒಂದು ದಿನ ಇಬ್ಬರು ಹುಡುಗರು ಬನಶಂಕರಿಯಿಂದ ಜಯನಗರಕ್ಕೆ ಯಾವ ಬಸ್ಸು ಅಂತ ಜಗಳವಾಡುತ್ತಿದ್ದರು. ಇಬ್ಬರದೂ ತಪ್ಪು. ತಡೆಯಲಾಗದೆ, "ಅವೆರಡೂ ಆ ಕಡೆ ಹೋಗಲ್ಲ ಕಣ್ರೋ!" ಅಂದುಬಿಟ್ಟೆ. ಅಪ್ಪನ ಬಸ್ಸಿನಲ್ಲಿ ಓಡಾಡಿ ನನಗೆ ಎಲ್ಲ ದಾರಿಯೂ ಬಾಯಿಪಾಠವಾಗಿತ್ತು.

ಅಕ್ಕ ಓಡಿ ಬಂದರು. "ಏನಂದೆ? ಇನ್ನೊಂದ್ಸಲ ಹೇಳು!"

ಅವತ್ತೇ ಶೆಡ್ಡಿನ ನೆಲ ಪೂರ್ತಿ ನನಗೆ ಬಿಟ್ಟುಕೊಟ್ಟರು. ಸೀಮೆಸುಣ್ಣದಲ್ಲಿ ಬಸ್ಸಿನ ದಾರಿಗಳನ್ನು ಬರೆಯುತ್ತಾ ಹೋದೆ. ದೂರ, ವೇಗ, ಸಮಯ ಅಂತ ನನ್ನನ್ನು ಅಳಿಸಿದ್ದ ಲೆಕ್ಕಗಳೇ ಅಲ್ಲಿ ಆಟವಾದವು.

ಸ್ವಲ್ಪ ದಿನದ ಮೇಲೆ ಅಕ್ಕ, "ನಾಳೆ ಸುಬ್ರಹ್ಮಣ್ಯಪುರದ ನರ್ಸರಿಗೆ ಗಿಡ ತರೋಕೆ ಹೋಗ್ತೀವಿ. ನೀನೇ ಲೀಡರ್" ಅಂದರು. ಬಸ್ಸೇನೋ ಸರಿಯಾಗಿ ಹತ್ತಿಸಿದೆ. ಇಳಿದ ಮೇಲೆ ದಾರಿ ತಪ್ಪಿತು. ಕೆಸರು ರಸ್ತೆಗಳಲ್ಲಿ ಎಲ್ಲರನ್ನೂ ಸುತ್ತಿಸಿದೆ.

"ಅಕ್ಕ, ಯಾವ ಕಡೆ?"

"ನಂಗೇನು ಗೊತ್ತು? ನಿನ್ನ ಹಿಂದೆ ಬಂದೋಳು ನಾನು."

ಬೇರೆ ದಾರಿಯಿರಲಿಲ್ಲ. ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದ ಹೆಂಗಸಿನ ಹತ್ತಿರ ಹೋಗಿ, "ಆಂಟಿ, ಗಿಡದ ನರ್ಸರಿ ಎಲ್ಲಿ?" ಅಂದೆ. ನಾನು ಗುರುತಿಲ್ಲದವರ ಜೊತೆ ಮಾತಾಡಿ ವರ್ಷವೇ ಆಗಿತ್ತು. ಅವರು ಕೈ ತೋರಿಸಿದರು. ಆಮೇಲೆ ಅಕ್ಕನನ್ನು ನೋಡಿ, "ಏನ್ ಮೇಡಂ, ವಾರವಾರ ಸೈಕಲ್ಲಲ್ಲಿ ಅಲ್ಲಿಗೇ ಹೋಗ್ತೀರ, ಮರೆತೋಯ್ತಾ?" ಅಂದರು. ಅಕ್ಕ ನಾಲಿಗೆ ಕಚ್ಚಿಕೊಂಡರು. ನರ್ಸರಿ ಮುಟ್ಟುವ ತನಕ ನಮ್ಮ ನಗು ನಿಲ್ಲಲಿಲ್ಲ.

ಅಪ್ಪ ಒಂದು ರಜದ ದಿನ, ಈ ಶಾಲೆಯಲ್ಲಿ ಏನು ಕಲಿಸುತ್ತಾರೆ ನೋಡೇಬಿಡುತ್ತೇನೆ ಅಂತ ಸಿಟ್ಟಿನಲ್ಲೇ ಬಂದರು. ನನ್ನ ನಕ್ಷೆ ನೋಡುತ್ತಾ ನಿಂತವರು, "ಇಲ್ಲೊಂದು ಸ್ಟಾಪ್ ಬಿಟ್ಟಿದೀಯಲ್ಲೇ" ಅಂತ ಪ್ಯಾಂಟು ಮಡಚಿ ಕೂತೇಬಿಟ್ಟರು. ಗಾರ್ಮೆಂಟ್ಸಿನ ಮಾತು ಅವತ್ತಿಗೇ ನಿಂತುಹೋಯಿತು.

ಎಸ್ಸೆಸ್ಸೆಲ್ಸಿಗೆ ಪ್ರೈವೇಟಾಗಿ ಕಟ್ಟಿದೆ. ಗಣಿತ ಒಂದು ಹೋಯಿತು. ಅಪ್ಪ ಮುಖ ಇಳಿಸಿಕೊಂಡು ನನ್ನನ್ನು ಅಕ್ಕನ ಹತ್ತಿರ ಕರೆದುಕೊಂಡು ಹೋದರೆ, ಅಕ್ಕ ಚಪ್ಪಾಳೆ ತಟ್ಟಿ, "ಒಳ್ಳೇದಾಯ್ತು ಬಿಡಿ, ಇನ್ನಷ್ಟು ದಿನ ನಮ್ ಜೊತೇಲಿರ್ತಾಳೆ!" ಅಂದರು. ಅಪ್ಪ ಕಣ್ಣು ಬಿಟ್ಟುಕೊಂಡು ನೋಡಿ, ಆಮೇಲೆ ಅವರೂ ನಕ್ಕುಬಿಟ್ಟರು. ಮುಂದಿನ ಸಲ ಪಾಸಾದೆ.

ನಾನು ಟೀಚರಾಗಿ ಕೆಲಸಕ್ಕೆ ಸೇರಿ ಕೆಲವು ವರ್ಷಗಳ ಮೇಲೆ ಅಕ್ಕ ಕಾಯಿಲೆ ಬಿದ್ದರು. ಜಯನಗರದ ಆಸ್ಪತ್ರೆಗೆ ನೋಡಲು ಹೋದೆ. ಕೇರಳದಿಂದ ಹೊಸದಾಗಿ ಬಂದಿದ್ದ ನರ್ಸ್ ಹುಡುಗಿಗೆ ಕನ್ನಡ ಬರುತ್ತಿರಲಿಲ್ಲ. ಅಕ್ಕ ಅವಳ ಹತ್ತಿರ ಮಲಯಾಳಂ ಪಾಠ ಹೇಳಿಸಿಕೊಳ್ಳುತ್ತಿದ್ದರು. ಅಕ್ಕ ನೀರು ಕೇಳಲು ಹೋಗಿ ಇನ್ನೇನೋ ಅಂದಿದ್ದಕ್ಕೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು.

"ಈ ವಯಸ್ಸಲ್ಲಿ ಯಾಕಕ್ಕ?" ಅಂದೆ.

"ಸುಮ್ನೆ ಮಲಗೋಕೆ ಬೇಜಾರು ಕಣೇ."

ಇನ್ನೂ ಕೆಲವು ವಾರ ಅಲ್ಲೇ ಇದ್ದು, ಅಲ್ಲೇ ತೀರಿಕೊಂಡರು. ಸುದ್ದಿ ತಿಳಿದು ಹೋದಾಗ ಆ ಹುಡುಗಿ ಬಾಗಿಲಲ್ಲೇ ನಿಂತಿದ್ದಳು. ನನ್ನ ಕೈ ಹಿಡಿದುಕೊಂಡು, ಪದ ಪದವಾಗಿ ಜೋಡಿಸಿ, ಕನ್ನಡದಲ್ಲೇ ಹೇಳಿದಳು: "ಅಮ್ಮಂಗೆ ಮಲಯಾಳಂ ಬರಲೇ ಇಲ್ಲ. ನಂಗೆ ಕನ್ನಡ ಬಂತು."